ಹುರಿ ಬಿಚ್ಚದೆ ಇಳಿದದ್ದು

ಹದಿನೇಳು ವರ್ಷದಿಂದ ರೂವಿಯ ಮೂರನೇ ಮಹಡಿಯಲ್ಲಿ
ಅಪಘಾತದ ಕಡತಗಳಿಗೆ ಸೀಲು ಒತ್ತುವವಳು ನಾನು.
ಎಡ ಮೊಣಕಾಲಿಗೆ ಇಷ್ಟು, ಬಲ ಭುಜಕ್ಕೆ ಇಷ್ಟು,
ಹಲ್ಲಿಗೆ ಬೇರೆ ದರ.
ಎಲ್ಲ ಗೊತ್ತಿದ್ದೂ ನಲವತ್ತಾರಕ್ಕೆ
ಬೈಕ್ ಕೊಂಡೆ. ಯಾಕೆಂದು ಕೇಳಬೇಡಿ.
ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ,
ಒಂದೂ ಸುಳ್ಳಲ್ಲ.

ಬೈಕಿಗಿಂತ ಮೊದಲು ಮನೆ ತುಂಬಿದ್ದು ಸಾಮಾನು.
ಬೆನ್ನಿಗೆ ಆಮೆಚಿಪ್ಪಿನಂಥ ಫಲಕವಿರುವ ಜಾಕೆಟ್ಟು.
ಗಾಳಿಯಾಡುವ ಜಾಲರಿ ಎಂದಿದ್ದ ಅಂಗಡಿಯವ;
ಆಡಿದ್ದು ಒಲೆಬಾಯಿಯ ಉಸಿರು.
ನೀರಲ್ಲಿ ಅದ್ದಿ ತೊಡುವ ತಂಪು ಅಂಗಿ
ಬೌಶರ್ ದಾಟುವಷ್ಟರಲ್ಲಿ ಒಣಗಿ
ಹಪ್ಪಳ.
ಚಕ್ರದ ಗಾಳಿ ಅಳೆಯುವ ಪುಟ್ಟ ಪರದೆ
ಅರ್ಧ ಗಂಟೆಗೊಮ್ಮೆ ಕೆಂಪಗೆ ಹೆದರಿಸುತ್ತದೆ,
ತಪ್ಪು ಅದರದ್ದಲ್ಲ, ಆಗಸ್ಟಿನದು.
ಫೋನು ಹ್ಯಾಂಡಲ್ ಮೇಲೆ ಕುದಿದು
ತಣಿಯಬೇಕು ನಾನು ಎಂದು ಬರೆದು
ನಡುದಾರಿಯಲ್ಲಿ ಕಣ್ಣು ಮುಚ್ಚಿತು.
ದಾರಿ ಹಾಗೇ ಇತ್ತು.

ಹೆಲ್ಮೆಟ್ಟಿನೊಳಗಿನ ಮಾತಿನ ಯಂತ್ರವನ್ನು
ನನ್ನ ಜೊತೆ ಕಲಿಯುವ ಮೆಲ್ವಿನ್ ಕ್ವಾಡ್ರಸನದಕ್ಕೆ ಜೋಡಿಸಿದೆವು.
ಖುರಿಯಾತಿನ ಇಳಿಜಾರಿನಲ್ಲಿ ಇಬ್ಬರೂ ಮಾತಾಡಲಿಲ್ಲ.
ನನಗೆ ಅವನ ಉಸಿರು ಕೇಳಿತು, ಅವನಿಗೆ ನನ್ನದು,
ಎರಡೂ ಹೆದರಿದವು.
ಇದನ್ನು ಮನೆಯಲ್ಲಿ ಹೇಳಲಿಲ್ಲ.

ಎಲ್ಲಕ್ಕಿಂತ ದುಬಾರಿ, ಗಾಳಿಚೀಲದ ಕೋಟು.
ಸೀಟಿಗೂ ಎದೆಗೂ ನಡುವೆ ಒಂದು ಹುರಿ;
ಬಿದ್ದರೆ ಹುರಿ ಜಗ್ಗಿ, ಚೀಲ ಉಬ್ಬಿ
ಕತ್ತು ಬೆನ್ನು ಕಾಯುತ್ತದಂತೆ.
ಅಲ್ ಖುವೈರಿನ ಪೆಟ್ರೋಲ್ ಬಂಕಿನಲ್ಲಿ
ಹುರಿ ಬಿಚ್ಚದೆ ಇಳಿದು
ದುಡ್ಡು ಕೊಡಲು ದಾಪುಗಾಲು ಹಾಕಿದೆ.
ಢಮ್.
ಸಾಲಲ್ಲಿದ್ದ ಏಳು ಕಾರುಗಳೆದುರು
ಪೂರಿಯಂತೆ ಉಬ್ಬಿ ನಿಂತೆ,
ಕೈ ಇಳಿಯದು, ಕತ್ತು ತಿರುಗದು.
ಪೈಪು ಹಿಡಿದಿದ್ದ ಸಿಲ್ಹೆಟ್ಟಿನ ಹುಡುಗ ಶಮ್ಸುಲ್
ನಗಲಿಲ್ಲ. ಕುರ್ಚಿ ತಂದ.
ನಾನು ಕೂತ ಮೇಲೆ ನಕ್ಕ.
ಹೊಸ ಸಿಲಿಂಡರಿಗೆ ಹದಿಮೂರು ರಿಯಾಲು.
ಯಾವ ಪಾಲಿಸಿಯಲ್ಲೂ ಇದಕ್ಕೆ ಕಲಮಿಲ್ಲ,
ಹುಡುಕಿ ನೋಡಿದ್ದೇನೆ.

ಶುಕ್ರವಾರ ಬೆಳಗಿನ ಐದೂವರೆ, ಸೀಬಿನ ಖಾಲಿ ಪಾರ್ಕಿಂಗು.
ಖಮೀಸ್ ಬಲೂಶಿ, ಪೊಲೀಸ್ ಬೈಕಿನಿಂದ ನಿವೃತ್ತ,
ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಕಹ್ವಾ ಫ್ಲಾಸ್ಕು.
ಅವನ ಹಿಂದಿ ನನ್ನದಕ್ಕಿಂತ ಶುದ್ಧ.
ಮೊದಲ ದಿನ ನನ್ನ ಸುತ್ತ ಒಂದು ಸುತ್ತು ಬಂದು
"ಎಲ್ಲ ಬಂದಿದೆ. ನೀವು ಎಲ್ಲಿ?" ಎಂದ.
ಕಿತ್ತಳೆ ಶಂಕುಗಳ ನಡುವೆ ಎಂಟು ಬರೆಸಿದ.
ಒಂದು ತಿಂಗಳು ನಾನು ಬರೆದದ್ದು
ಮುರಿದ ಚಕ್ಕುಲಿ.
"ಶಂಕು ನೋಡಿದರೆ ಶಂಕುವಿಗೇ ಹೋಗುತ್ತೀರಿ."
ನೋಡಿದೆ. ಹೋದೆ.
ಆಮೇಲೆ ಬ್ರೇಕು, ಐವತ್ತರಿಂದ ಸೊನ್ನೆಗೆ:
"ಬಟ್ಟೆ ಹಿಂಡಿದ ಹಾಗಲ್ಲ ಮೇಡಂ, ನಿಂಬೆಹಣ್ಣು.
ರಸ ಬರಬೇಕು, ಬೀಜ ಬೀಳಬಾರದು."
ಹನ್ನೆರಡು ಸಲ ಬೀಜ ಬಿತ್ತು.

ಮರಳುವಾಗ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ
ಊಟ ತಲುಪಿಸುವ ಹುಡುಗ.
ತೆಳು ಬಟ್ಟೆಯ ಶೂ. ಮುಂಗೈಗೆ
ಬೆರಳ ಕಡೆ ಕತ್ತರಿಸಿದ ಕಾಲುಚೀಲ.
ನನ್ನ ಮೈಮೇಲಿದ್ದದ್ದು ಅವನ ನಾಲ್ಕು ತಿಂಗಳು.
ಅವನು ನೋಡಿದ್ದು ಕೋಟನ್ನಲ್ಲ, ನೆಲವನ್ನು.
ಮೆಲ್ಲಗೆ ಹಾರನ್ ಒತ್ತಿ ಬೆರಳು ತೋರಿಸಿದ:
ನನ್ನ ಸ್ಟ್ಯಾಂಡು ಇನ್ನೂ ಕೆಳಗೇ ಇತ್ತು.
ಎತ್ತಿ ತಲೆಯೆತ್ತುವಷ್ಟರಲ್ಲಿ ಹಸಿರು, ಅವನಿಲ್ಲ,
ಬೆನ್ನ ಪೆಟ್ಟಿಗೆಯಲ್ಲಿ ಯಾರದೋ ಬಿಸಿ ಪರೋಟ.

ಭಾನುವಾರ ಮೇಜಿನ ಮೇಲೆ ಹೊಸ ಕಡತ.
ವಾಹನ: ಮೋಟಾರ್‌ಸೈಕಲ್. ಕೈಗವಸು: ಇಲ್ಲ.
ಆ ಕಾಲಂ ಮೊದಲೂ ಇದ್ದಿರಬೇಕು.
ಹೆಸರು ಓದಿದೆ, ಅವನದೋ ಏನೋ,
ಅವನ ಹೆಸರು ಕೇಳಿರಲೇ ಇಲ್ಲ ನಾನು.
ಸೀಲು ಎತ್ತಿದ ಕೈ ಹಾಗೇ ನಿಂತಿತು,
ಬೆರಳುಗಳು ತಾವಾಗಿ ಮಡಚಿದವು,
ಒಂದೊಂದೇ, ನಿಧಾನ,
ಬೀಜ ಬೀಳದಂತೆ.